ಹಳೆಯ ಕಾರಿನ ಸರ್ವಿಸ್: ಅಧಿಕೃತ ಸೇವಾ ಕೇಂದ್ರವೇ, ಖಾಸಗಿ ಗ್ಯಾರೇಜೇ?

(ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವ ಕಾರು ಮಾಲೀಕರ ಮಾಹಿತಿಗಾಗಿ)

ಸ್ವಂತ ಬಳಕೆಯ ಕಾರಿನ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಮಾನ್ಯವಾಗಿರುತ್ತದೆ. ಈ ಅವಧಿ ಮುಗಿಯುವ ಹೊತ್ತಿಗೆ ಬಹುತೇಕ ಮಾಲೀಕರ ಮುಂದೆ ಒಂದು ಪ್ರಶ್ನೆ ಏಳುತ್ತದೆ. ನವೀಕರಣಕ್ಕೆ ಮುನ್ನ ವಾಹನವನ್ನು ತಯಾರಕ ಕಂಪನಿಯ ಅಧಿಕೃತ ಸೇವಾ ಕೇಂದ್ರದಲ್ಲಿಯೇ ಸರ್ವಿಸ್ ಮಾಡಿಸಬೇಕೆ ಅಥವಾ ಪರಿಚಯದ ಖಾಸಗಿ ಗ್ಯಾರೇಜಿನಲ್ಲಿ ಮಾಡಿಸಿದರೆ ಸಾಕೆ? ಒಂದು ಕಡೆ ಖರ್ಚು ಹೆಚ್ಚೆಂಬ ಅಳುಕು, ಇನ್ನೊಂದು ಕಡೆ ಕೆಲಸದ ಗುಣಮಟ್ಟದ ಬಗ್ಗೆ ಸಂಶಯ. ಈ ವಿಷಯದಲ್ಲಿ ಸಾರ್ವಜನಿಕರಿಗೆ ಉಪಯುಕ್ತವಾಗಬಹುದಾದ ಮಾಹಿತಿಯನ್ನು ಈ ಕೆಳಗೆ ನೀಡಲಾಗಿದೆ.

1. ನಿಯಮ ಏನು ಹೇಳುತ್ತದೆ?

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರಂತೆ ಸಾರಿಗೆಯೇತರ ವಾಹನದ ನೋಂದಣಿಯನ್ನು 15 ವರ್ಷಗಳ ನಂತರ ಒಮ್ಮೆಗೆ 5 ವರ್ಷಗಳ ಅವಧಿಗೆ ನವೀಕರಿಸಲಾಗುತ್ತದೆ. ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬಹುದು. ದಿನಾಂಕ 01-04-2022ರಿಂದ ಕಾರುಗಳ ನವೀಕರಣ ಶುಲ್ಕವನ್ನು ರೂ. 5,000/-ಕ್ಕೆ ಹೆಚ್ಚಿಸಲಾಗಿದ್ದು, 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್ ತಿಂಗಳಿನಲ್ಲಿ ರೂ. 10,000/- ನಿಗದಿಪಡಿಸಲಾಗಿದೆ. ವಿಳಂಬವಾದಲ್ಲಿ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ದಿನದಂದು ಜಾಲತಾಣದಲ್ಲಿ ತೋರಿಬರುವ ಒಟ್ಟು ಮೊತ್ತವನ್ನು ಪರಿಶೀಲಿಸಿಕೊಂಡು ಪಾವತಿಸುವುದು.

ಅರ್ಜಿಯೊಂದಿಗೆ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ ಹಾಗೂ ಮಾಲಿನ್ಯ ತಪಾಸಣಾ ಪ್ರಮಾಣ ಪತ್ರಗಳನ್ನು ಒದಗಿಸಿ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಪರಿಶೀಲನೆಗೆ ಹಾಜರುಪಡಿಸಬೇಕು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ವಾಹನವನ್ನು ಅಧಿಕೃತ ಸೇವಾ ಕೇಂದ್ರದಲ್ಲಿಯೇ ಸರ್ವಿಸ್ ಮಾಡಿಸಿರಬೇಕೆಂಬ ಷರತ್ತು ನಿಯಮಗಳಲ್ಲಿ ಎಲ್ಲಿಯೂ ಇಲ್ಲ. ಪರಿಶೀಲನೆಗೆ ಒಳಪಡುವುದು ವಾಹನದ ಸ್ಥಿತಿಯೇ ಹೊರತು ಅದನ್ನು ದುರಸ್ತಿ ಮಾಡಿದ ಅಂಗಡಿಯ ನಾಮಫಲಕವಲ್ಲ. ಬ್ರೇಕ್ ಹಿಡಿಯದ ಕಾರು ಎಲ್ಲಿ ಸರ್ವಿಸ್ ಆಗಿದ್ದರೂ ಬ್ರೇಕ್ ಹಿಡಿಯದ ಕಾರೇ ಆಗಿರುತ್ತದೆ. ಆದುದರಿಂದ ಇಡೀ ಕಾರನ್ನು ಎಲ್ಲಿಗೆ ಒಪ್ಪಿಸಬೇಕೆಂದು ಕೇಳುವ ಬದಲು, ಯಾವ ಕೆಲಸವನ್ನು ಎಲ್ಲಿ ಮಾಡಿಸಬೇಕೆಂದು ಕೆಲಸವಾರು ತೀರ್ಮಾನಿಸುವುದು ಸೂಕ್ತ.

2. ಖಾಸಗಿ ಗ್ಯಾರೇಜಿಗೆ ಹೋದರೆ ಹಕ್ಕು ಕಳೆದುಕೊಳ್ಳುತ್ತೇವೆಯೇ?

ಹದಿನೈದು ವರ್ಷದ ಕಾರಿಗೆ ಕಂಪನಿಯ ವಾರಂಟಿ ಉಳಿದಿರುವುದಿಲ್ಲ. ಆದರೂ ಹೊರಗೆ ಕೈ ಹಾಕಿಸಿದರೆ ಮುಂದೆ ಕಂಪನಿಯವರು ಮುಟ್ಟುವುದಿಲ್ಲ ಎಂಬ ಭಯ ಹಲವರಲ್ಲಿದೆ. ಈ ಸಂಬಂಧ ಭಾರತೀಯ ಸ್ಪರ್ಧಾ ಆಯೋಗವು ದಿನಾಂಕ 25-08-2014ರಂದು ಹೊರಡಿಸಿದ ಆದೇಶವು ಗಮನಾರ್ಹವಾಗಿದೆ. ಬಿಡಿಭಾಗಗಳನ್ನೂ ದೋಷಪತ್ತೆ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಗೆ ಬಿಡದೆ ಸ್ವತಂತ್ರ ಗ್ಯಾರೇಜುಗಳಿಗೆ ತಡೆಯೊಡ್ಡಿದ ಕಾರಣಕ್ಕಾಗಿ ಆಯೋಗವು 14 ಕಾರು ತಯಾರಿಕಾ ಕಂಪನಿಗಳಿಗೆ ಒಟ್ಟು ಸುಮಾರು ರೂ. 2,544 ಕೋಟಿ ದಂಡ ವಿಧಿಸಿತು. ಹೊರಗಿನ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿಯನ್ನು ರದ್ದುಗೊಳಿಸುವ ಷರತ್ತು ಸಲ್ಲದು. ಹೊರಗಿನ ತಪ್ಪು ಕೆಲಸದಿಂದ ಹಾನಿಯಾದ ಭಾಗದ ಮಟ್ಟಿಗೆ ಮಾತ್ರ ಅದನ್ನು ನಿರಾಕರಿಸಬಹುದು ಎಂಬುದು ಆಯೋಗದ ನಿಲುವಾಗಿತ್ತು. ಕಂಪನಿಗಳು ಈ ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸಿ ನ್ಯಾಯಾಲಯಗಳ ಮೊರೆ ಹೋದವು. ತರುವಾಯ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದಿನಾಂಕ 24-12-2022ರಂದು ದುರಸ್ತಿ ಹಕ್ಕು ಜಾಲತಾಣವನ್ನು ಆರಂಭಿಸಿದ್ದು, ಅದರ ವ್ಯಾಪ್ತಿಯಲ್ಲಿ ಮೋಟಾರು ವಾಹನಗಳೂ ಸೇರಿವೆ.

3. ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯಬೇಕಾದ ಕೆಲಸಗಳು

(ಅ) ಕಂಪನಿ ಹಿಂಪಡೆದ ದೋಷಯುಕ್ತ ಭಾಗಗಳ ಬದಲಾವಣೆ: ತಯಾರಿಕೆಯಲ್ಲಿಯೇ ದೋಷವಿದ್ದು ಕಂಪನಿಯು ವಾಹನಗಳನ್ನು ಹಿಂದಕ್ಕೆ ಕರೆದಿದ್ದಲ್ಲಿ ಸದರಿ ಭಾಗವನ್ನು ಅಧಿಕೃತ ಕೇಂದ್ರದಲ್ಲಿ ಉಚಿತವಾಗಿ ಬದಲಾಯಿಸಲಾಗುತ್ತದೆ. ಇದಕ್ಕೆ ಟಕಾಟಾ ಎಂಬ ಜಪಾನಿ ಸಂಸ್ಥೆ ತಯಾರಿಸಿದ ಏರ್‌ಬ್ಯಾಗ್‌ಗಳು ತಕ್ಕ ನಿದರ್ಶನ. ಅವುಗಳ ಇನ್‌ಫ್ಲೇಟರ್‌ನಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ಎಂಬ ರಾಸಾಯನಿಕವು ಹಲವು ವರ್ಷಗಳ ಕಾಲ ಶಾಖಕ್ಕೂ ತೇವಾಂಶಕ್ಕೂ ಒಡ್ಡಿಕೊಂಡು ಹದಗೆಡುತ್ತದೆ. ಆಗ ಅಪಘಾತದ ಸಂದರ್ಭದಲ್ಲಿ ಇನ್‌ಫ್ಲೇಟರ್ ಸ್ಫೋಟಗೊಂಡು ಲೋಹದ ಚೂರುಗಳು ಒಳಗಿದ್ದವರಿಗೆ ಸಿಡಿಯುವ ಅಪಾಯವಿದೆ. ವಿದೇಶಗಳಲ್ಲಿ ಇದರಿಂದ ಸಾವುಗಳು ಸಂಭವಿಸಿವೆ. ಭಾರತದಲ್ಲಿಯೂ 2000ದ ದಶಕದ ಹಾಗೂ 2010ರ ದಶಕದ ಆರಂಭದ ಹಲವು ಕಾರುಗಳನ್ನು ಇದೇ ಕಾರಣಕ್ಕೆ ಹಿಂದಕ್ಕೆ ಕರೆಯಲಾಯಿತು. ಕಾರು ಹಳೆಯದಾದಷ್ಟೂ, ಕರಾವಳಿಯಂತಹ ಬಿಸಿಲು ಮತ್ತು ತೇವದ ಪ್ರದೇಶದಲ್ಲಿ ಇದ್ದಷ್ಟೂ ಈ ಅಪಾಯ ಹೆಚ್ಚು.

ಕಂಪನಿಯ ಪತ್ರವು ಸಾಮಾನ್ಯವಾಗಿ ಕಡತದಲ್ಲಿರುವ ಮೊದಲ ಮಾಲೀಕರ ವಿಳಾಸಕ್ಕೆ ಹೋಗುತ್ತದೆ. ಎರಡನೆಯ ಅಥವಾ ಮೂರನೆಯ ಮಾಲೀಕರಿಗೆ ವಿಷಯವೇ ತಿಳಿಯದೆ ಉಳಿಯುವ ಸಂಭವವಿದೆ. ಆದುದರಿಂದ ಹಳೆಯ ಕಾರು ಕೊಂಡವರು ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆಯನ್ನು ಅಧಿಕೃತ ಕೇಂದ್ರಕ್ಕೆ ಅಥವಾ ಕಂಪನಿಯ ಸಹಾಯವಾಣಿಗೆ ತಿಳಿಸಿ, ಬಾಕಿ ಇರುವ ಹಿಂಪಡೆಯುವಿಕೆ ಇದೆಯೇ ಎಂದು ವಿಚಾರಿಸತಕ್ಕದ್ದು. ಈ ಒಂದು ವಿಚಾರಣೆಗೆ ಯಾವುದೇ ಖರ್ಚಿಲ್ಲ.

(ಆ) ಏರ್‌ಬ್ಯಾಗ್ ಹಾಗೂ ಎ.ಬಿ.ಎಸ್. ವ್ಯವಸ್ಥೆಯ ದೋಷ: ಎಚ್ಚರಿಕೆಯ ದೀಪವು ಸತತವಾಗಿ ಉರಿಯುತ್ತಿದ್ದಲ್ಲಿ, ಆ ಮಾದರಿಗೆ ಹೊಂದುವ ದೋಷಪತ್ತೆ ಯಂತ್ರ ಇರುವ ಕಡೆಯಲ್ಲಿಯೇ ಪರೀಕ್ಷಿಸಬೇಕು. ದೀಪದ ತಂತಿಯನ್ನು ಕಿತ್ತು ದೋಷವನ್ನು ಮರೆಮಾಚುವುದು ಪ್ರಾಣಾಪಾಯಕಾರಿ.

(ಇ) ಎಂಜಿನ್ ನಿಯಂತ್ರಣ ಘಟಕದ ಮರುಜೋಡಣೆ, ಚಿಪ್ ಇರುವ ಹೊಸ ಕೀಲಿಯ ನೋಂದಣಿ ಮುಂತಾದ ಕೆಲಸಗಳು.

4. ಖಾಸಗಿ ಗ್ಯಾರೇಜಿನಲ್ಲಿ ಮಾಡಿಸಬಹುದಾದ ಕೆಲಸಗಳು

ಎಂಜಿನ್ ಆಯಿಲ್ ಮತ್ತು ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್, ಸಸ್ಪೆನ್ಷನ್ ಬುಷ್, ರೇಡಿಯೇಟರ್ ಹೋಸ್, ಬ್ಯಾಟರಿ, ಸೈಲೆನ್ಸರ್ ಮುಂತಾದವು ಅನುಭವಸ್ಥ ಮೆಕ್ಯಾನಿಕ್ ಒಬ್ಬರು ಸಾಮಾನ್ಯ ಉಪಕರಣಗಳಿಂದ ಮಾಡಬಲ್ಲ ಕೆಲಸಗಳು. ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿಗಳ ವಿಷಯದಲ್ಲಿ ಹಿರಿಯ ಮೆಕ್ಯಾನಿಕ್‌ಗಳೇ ಹೆಚ್ಚು ಬಲ್ಲವರು. ಯಂತ್ರ ಜೋಡಿಸಿ ದೋಷ ಓದುವ ಅಭ್ಯಾಸದಲ್ಲಿ ತರಬೇತಾದ ಯುವ ತಂತ್ರಜ್ಞರಿಗೆ ಅಂತಹ ಎಂಜಿನ್‌ನ ಪರಿಚಯ ಇಲ್ಲದಿರಬಹುದು. ಮಾರುತಿ 800 ಮತ್ತು ಅಂಬಾಸಿಡರ್ ಕಾರುಗಳ ತಯಾರಿಕೆ 2014ರಲ್ಲಿಯೇ ನಿಂತಿದೆ.

ಇನ್ನು ಕೆಲವು ಮಾಲೀಕರಿಗೆ ಆಯ್ಕೆಯೇ ಕಿರಿದಾಗಿದೆ. ಷೆವರ್ಲೆ ಕಾರುಗಳ ಮಾರಾಟ ಭಾರತದಲ್ಲಿ 2017ರ ಅಂತ್ಯಕ್ಕೆ ನಿಂತಿತು. ಫೋರ್ಡ್ ಕಂಪನಿಯು ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಇಂತಹ ಕಾರುಗಳ ಮಾಲೀಕರು ತಮ್ಮ ಮಾದರಿಯಲ್ಲಿ ಪಳಗಿದ ಖಾಸಗಿ ಗ್ಯಾರೇಜೊಂದನ್ನು ಗುರುತಿಸಿಟ್ಟುಕೊಳ್ಳುವುದು, ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಭಾಗದ ಸಂಖ್ಯೆಯ ಸಮೇತ ವಿಚಾರಿಸುವುದು ಒಳಿತು.

ಗ್ಯಾರೇಜನ್ನು ಆಯ್ಕೆ ಮಾಡುವಾಗ ಮೂರು ಪ್ರಶ್ನೆಗಳನ್ನು ಕೇಳಬಹುದು. ಈ ಮಾದರಿಯ ಕಾರುಗಳು ಇಲ್ಲಿಗೆ ನಿಯತವಾಗಿ ಬರುತ್ತವೆಯೇ? ಬಿಡಿಭಾಗವನ್ನು ಮೊಹರಾದ ಪೊಟ್ಟಣದಲ್ಲಿ ತೋರಿಸುವಿರಾ? ಬಿಲ್ ಕೊಡುವಿರಾ? ಮೂರಕ್ಕೂ ಹೌದೆಂಬ ಉತ್ತರ ದೊರೆತಲ್ಲಿ ನಿಶ್ಚಿಂತೆಯಿಂದ ಮುಂದುವರಿಯಬಹುದು.

5. ವೆಚ್ಚವನ್ನು ಹೋಲಿಸುವ ಬಗೆ

ಎರಡು ಕಡೆಯ ಒಟ್ಟು ಮೊತ್ತಗಳನ್ನು ಮಾತ್ರ ನೋಡಿ ತೀರ್ಮಾನಿಸುವುದು ಸರಿಯಲ್ಲ. ಲೆಕ್ಕ ಹೇಗೆ ದಾರಿ ತಪ್ಪಿಸುತ್ತದೆಂಬುದನ್ನು ತಿಳಿಯಲು ಈ ಕೆಳಗಿನ ಉದಾಹರಣೆಯನ್ನು ನೋಡಬಹುದು. ಇಲ್ಲಿಯ ಮೊತ್ತಗಳು ವಿವರಣೆಗಾಗಿ ಕಲ್ಪಿಸಿಕೊಂಡವು. ನಿಜವಾದ ದರಗಳು ಮಾದರಿ ಮತ್ತು ಊರಿಗೆ ತಕ್ಕಂತೆ ಬದಲಾಗುತ್ತವೆ.

2011ರಲ್ಲಿ ನೋಂದಣಿಯಾದ ಸಣ್ಣ ಪೆಟ್ರೋಲ್ ಕಾರೊಂದಕ್ಕೆ ಅಧಿಕೃತ ಕೇಂದ್ರದ ಅಂದಾಜು ಹೀಗಿದೆ ಎಂದುಕೊಳ್ಳೋಣ:
– ಆಯಿಲ್, ಫಿಲ್ಟರ್, ಪ್ಲಗ್ ಸಹಿತ ಸರ್ವಿಸ್: ರೂ. 6,500
– ಮುಂದಿನ ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್, ಹಿಂದಿನ ಬ್ರೇಕ್ ಶೂ ಹಾಗೂ ಸೋರುತ್ತಿರುವ ವೀಲ್ ಸಿಲಿಂಡರ್: ರೂ. 12,000
– ಸಸ್ಪೆನ್ಷನ್‌ನ ಲೋಯರ್ ಆರ್ಮ್‌ಗಳು: ರೂ. 9,500
– ಎಂಜಿನ್ ಮೇಲ್ಮೈ ಲೇಪನ, ಒಳಾಂಗಣ ಶುದ್ಧೀಕರಣ, ಪಾಲಿಶ್ ಇತ್ಯಾದಿ: ರೂ. 6,000
ಒಟ್ಟು: ರೂ. 34,000

ಖಾಸಗಿ ಗ್ಯಾರೇಜಿನ ಅಂದಾಜು:
– ಸರ್ವಿಸ್: ರೂ. 4,200
– ಮುಂದಿನ ಬ್ರೇಕ್ ಪ್ಯಾಡ್ ಮಾತ್ರ: ರೂ. 2,300
– ಲೋಯರ್ ಆರ್ಮ್ ಬುಷ್: ರೂ. 4,500
ಒಟ್ಟು: ರೂ. 11,000

ಮೇಲುನೋಟಕ್ಕೆ ರೂ. 23,000 ಉಳಿತಾಯವಾದಂತೆ ಕಾಣುತ್ತದೆ. ಆದರೆ ಎರಡೂ ಒಂದೇ ಕೆಲಸದ ಅಂದಾಜುಗಳಲ್ಲ. ಮೊದಲನೆಯದರಲ್ಲಿ ರೂ. 6,000ದಷ್ಟು ಕೆಲಸ ಅಂದಕ್ಕಾಗಿ ಸೇರಿದ್ದು. ಅದನ್ನು ಬೇಡವೆನ್ನುವ ಹಕ್ಕು ಮಾಲೀಕರಿಗಿದೆ. ಅದನ್ನು ಕಳೆದರೆ ಉಳಿಯುವುದು ರೂ. 28,000. ಎರಡನೆಯದರಲ್ಲಿ ಸೋರುತ್ತಿರುವ ವೀಲ್ ಸಿಲಿಂಡರ್ ಸೇರಿಯೇ ಇಲ್ಲ. ಮೊದಲ ಅಂದಾಜಿನ ಪಟ್ಟಿಯನ್ನು ತೋರಿಸಿ ಅದೇ ಕೆಲಸಗಳಿಗೆ ಗ್ಯಾರೇಜಿನಿಂದ ಮತ್ತೊಮ್ಮೆ ಅಂದಾಜು ಪಡೆದಾಗ ಸರ್ವಿಸ್ ರೂ. 4,200, ಪೂರ್ಣ ಬ್ರೇಕ್ ಕೆಲಸ ರೂ. 8,800, ಲೋಯರ್ ಆರ್ಮ್ ರೂ. 7,000, ಒಟ್ಟು ರೂ. 20,000 ಆಯಿತೆನ್ನೋಣ. ಆಗ ನಿಜವಾದ ವ್ಯತ್ಯಾಸ ರೂ. 8,000 ಮಾತ್ರ. ಈ ರೂ. 8,000 ಉಳಿಸುವುದು ಸಂಪೂರ್ಣ ಸಮಂಜಸ. ಆದರೆ ಮೊದಲಿನ ರೂ. 11,000ದ ಅಂದಾಜನ್ನು ಒಪ್ಪಿದ್ದಲ್ಲಿ ಉಳಿತಾಯದ ಒಂದು ಭಾಗ ಬಂದಿರುತ್ತಿದ್ದುದು ಸೋರುವ ಬ್ರೇಕಿನಿಂದ. ಅಂತಹ ಉಳಿತಾಯಕ್ಕೆ ಆಗುಂಬೆ ಅಥವಾ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ತೆರಬೇಕಾದ ಬೆಲೆ ಯಾವ ಬಿಲ್ಲಿನಲ್ಲಿಯೂ ನಮೂದಾಗಿರುವುದಿಲ್ಲ.

ಆದುದರಿಂದ ಸಾಧ್ಯವಾದಲ್ಲಿ ಒಂದು ಕಡೆ ತಪಾಸಣೆ ಮಾತ್ರ ಮಾಡಿಸಿ, ಅದರ ಶುಲ್ಕ ಪಾವತಿಸಿ, ಲಿಖಿತ ಪಟ್ಟಿ ಪಡೆದು, ನಂತರ ಎರಡು ಕಡೆ ಕೆಲಸವಾರು ದರ ವಿಚಾರಿಸುವುದು ಉತ್ತಮ ಕ್ರಮ.

6. ತೆರಿಗೆ ಮತ್ತು ಬಿಲ್ಲಿನ ವಿಷಯ

(ಅ) ಕಾರು ದುರಸ್ತಿ ಸೇವೆಗೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆ ಅನ್ವಯವಾಗುತ್ತದೆ. ಬಿಡಿಭಾಗಗಳಲ್ಲಿ ಹಲವಕ್ಕೆ ಹಿಂದೆ ಶೇ. 28ರ ದರವಿತ್ತು. ದಿನಾಂಕ 22-09-2025ರಿಂದ ವಾಹನ ಬಿಡಿಭಾಗಗಳಿಗೆ ಏಕರೂಪವಾಗಿ ಶೇ. 18ರ ದರ ಜಾರಿಗೆ ಬಂದಿದೆ. ಹಳೆಯ ದರದಲ್ಲಿ ಬಿಲ್ ಬಂದಲ್ಲಿ ಪ್ರಶ್ನಿಸಬಹುದು.

(ಆ) ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದಿದ್ದಲ್ಲಿ ಅವರು ಸಾಮಾನ್ಯವಾಗಿ ತೆರಿಗೆ ನೋಂದಣಿ ಪಡೆಯಬೇಕಾಗಿಲ್ಲ. ನೋಂದಣಿ ಇಲ್ಲದ ಗ್ಯಾರೇಜು ತೆರಿಗೆ ವಸೂಲಿ ಮಾಡುವಂತಿಲ್ಲ. ಸಣ್ಣ ಗ್ಯಾರೇಜಿನ ದರ ಕಡಿಮೆ ಇರಲು ಇದೂ ಒಂದು ಕಾನೂನುಬದ್ಧ ಕಾರಣ. ಬಿಲ್ಲಿನಲ್ಲಿ ತೆರಿಗೆ ಹಾಕಿದ್ದಲ್ಲಿ 15 ಅಂಕಿ-ಅಕ್ಷರಗಳ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಬೇಕು.

(ಇ) ಪೊಟ್ಟಣದ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯು ಎಲ್ಲ ತೆರಿಗೆಗಳನ್ನು ಒಳಗೊಂಡಿರುತ್ತದೆ. ಅದರ ಮೇಲೆ ಪ್ರತ್ಯೇಕವಾಗಿ ತೆರಿಗೆ ಸೇರಿಸುವಂತಿಲ್ಲ. ತಯಾರಕರ ಹೆಸರು, ತಯಾರಿಕೆಯ ತಿಂಗಳು ಮತ್ತು ವರ್ಷ ಇಲ್ಲದ ಪೊಟ್ಟಣದ ಬಗ್ಗೆ ಎಚ್ಚರ ವಹಿಸುವುದು.

(ಈ) ಬಿಲ್ ಇಲ್ಲದಿದ್ದರೆ ಇಷ್ಟಕ್ಕೆ ಮಾಡಿಕೊಡುತ್ತೇವೆ ಎಂಬ ಮಾತಿಗೆ ಒಪ್ಪಬಾರದು. ಬಿಲ್ ಇಲ್ಲದ ಕೆಲಸ ಕೆಟ್ಟಾಗ ಅದು ನಡೆದೇ ಇಲ್ಲವೆನ್ನುವುದು ಸುಲಭ.

7. ವಾಹನ ಒಪ್ಪಿಸುವಾಗ ಮತ್ತು ಹಿಂಪಡೆಯುವಾಗ

– ಜಾಬ್ ಕಾರ್ಡಿನಲ್ಲಿ ದೂರುಗಳನ್ನು ತಮ್ಮ ಮಾತಿನಲ್ಲಿಯೇ ಬರೆಸುವುದು. ಬ್ರೇಕ್ ಚೆಕ್ ಎಂದಷ್ಟೇ ಬರೆಸದೆ, ಬ್ರೇಕ್ ಒತ್ತಿದಾಗ ಕಾರು ಎಡಕ್ಕೆ ಎಳೆಯುತ್ತದೆ ಎಂದು ಬರೆಸುವುದು ಹೆಚ್ಚು ಉಪಯುಕ್ತ.
– ಓಡಿದ ಕಿಲೋಮೀಟರ್ ಹಾಗೂ ಇಂಧನದ ಮಟ್ಟ ನಮೂದಿಸುವುದು. ಖಾಲಿ ಜಾಬ್ ಕಾರ್ಡಿಗೆ ಸಹಿ ಹಾಕಬಾರದು.
– ಅಂದಾಜು ಮೀರಿದ ಕೆಲಸಕ್ಕೆ ಮುನ್ನ ದೂರವಾಣಿ ಮೂಲಕ ಅನುಮತಿ ಪಡೆಯುವಂತೆ ಅದರಲ್ಲಿಯೇ ಬರೆಸುವುದು.
– ಬದಲಾಯಿಸಿದ ಹಳೆಯ ಭಾಗಗಳನ್ನು ತೋರಿಸುವಂತೆ ಮೊದಲೇ ತಿಳಿಸುವುದು. ಹಳೆಯ ಬ್ಯಾಟರಿ ಮತ್ತು ಬಳಸಿದ ಆಯಿಲ್ ಮಾತ್ರ ಅವರಲ್ಲಿಯೇ ಬಿಟ್ಟು ಸೂಕ್ತ ವಿಲೇವಾರಿಗೆ ತಿಳಿಸುವುದು, ಚರಂಡಿಗೆ ಚೆಲ್ಲಬಾರದು.
– ಹಣ ಪಾವತಿಸುವ ಮುನ್ನ ಮೆಕ್ಯಾನಿಕ್ ಅವರನ್ನು ಜೊತೆಗೆ ಕೂರಿಸಿಕೊಂಡು ಸ್ವಲ್ಪ ದೂರ ಓಡಿಸಿ ನೋಡುವುದು.
– ಮನೆಯಲ್ಲಿ ಒಂದು ಪುಸ್ತಕವಿಟ್ಟು ದಿನಾಂಕ, ಕಿಲೋಮೀಟರ್, ಮಾಡಿಸಿದ ಕೆಲಸ ಮತ್ತು ಮೊತ್ತವನ್ನು ಬರೆದಿಡುವುದು. ಅಧಿಕೃತ ಕೇಂದ್ರದ ಗಣಕದಲ್ಲಿ ಇರುವ ದಾಖಲೆಯು ಖಾಸಗಿ ಗ್ಯಾರೇಜಿಗೆ ಹೋದ ದಿನದಿಂದ ನಿಲ್ಲುತ್ತದೆ. ಆ ಕೊರತೆಯನ್ನು ಈ ಪುಸ್ತಕ ತುಂಬುತ್ತದೆ. ಕಾರು ಮಾರುವಾಗಲೂ ನೆರವಾಗುತ್ತದೆ.

8. ಪರಿಶೀಲನೆಗೆ ಹಾಜರುಪಡಿಸುವ ಮುನ್ನ ಮುಂದೂಡಬಾರದ ಕೆಲಸಗಳು

(ಅ) ಬ್ರೇಕ್ ಮತ್ತು ಸ್ಟೀರಿಂಗ್: ಬ್ರೇಕ್ ದ್ರವವು ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ. ನೀರು ಸೇರಿದ ದ್ರವವು ಉದ್ದನೆಯ ಇಳಿಜಾರಿನಲ್ಲಿ ಕಾದು ಆವಿಯಾದರೆ ಪೆಡಲ್ ಟೊಳ್ಳಾಗುತ್ತದೆ. ಬಣ್ಣ ಕಪ್ಪಾಗಿದ್ದಲ್ಲಿ ಅಥವಾ ಬದಲಾಯಿಸಿದ ದಿನಾಂಕ ತಿಳಿಯದಿದ್ದಲ್ಲಿ ಬದಲಾಯಿಸುವುದು.

(ಆ) ಟೈರ್: ಕಾರಿನ ಟೈರಿನ ತೋಡಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಕಡಿಮೆ ಓಡಿದ ಕಾರಿನಲ್ಲಿ ತೋಡು ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರಬಹುದು. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಿಕೆಯ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. 2316 ಎಂದಿದ್ದರೆ 2016ರ 23ನೇ ವಾರ.

(ಇ) ಹೊಗೆ: ಬಿ.ಎಸ್.-2 ಮತ್ತು 3 ಮಾನದಂಡದ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 0.5, ಬಿ.ಎಸ್.-4 ಕಾರುಗಳಿಗೆ ಶೇ. 0.3. ಬಿ.ಎಸ್.-4 ಬೆಂಗಳೂರಿನಲ್ಲಿ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದರೆ, ದೇಶದಾದ್ಯಂತ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಆದ್ದರಿಂದ ವರ್ಷ ನೋಡಿ ಊಹಿಸದೆ ನೋಂದಣಿ ಪತ್ರ ಅಥವಾ ಕೈಪಿಡಿ ನೋಡಿ ತಿಳಿಯಬೇಕು. ಮಿತಿ ಮೀರಿದ್ದಲ್ಲಿ ಪ್ಲಗ್, ಏರ್ ಫಿಲ್ಟರ್, ಆಕ್ಸಿಜನ್ ಸಂವೇದಕ ಹಾಗೂ ಕೆಟಲಿಟಿಕ್ ಕನ್ವರ್ಟರ್ ಪರೀಕ್ಷಿಸಬೇಕು. ಮೈಲೇಜ್ ಹೆಚ್ಚುತ್ತದೆಂಬ ಮಾತು ನಂಬಿ ಕನ್ವರ್ಟರ್ ತೆಗೆಸಬಾರದು. ತಯಾರಕರ ನಿರ್ದಿಷ್ಟತೆಗೆ ವಿರುದ್ಧವಾದ ಮಾರ್ಪಾಡು ಮಾಡುವುದು ಅಧಿನಿಯಮದ ಪ್ರಕರಣ 52ರಂತೆ ನಿಷಿದ್ಧ.

(ಈ) ತುಕ್ಕು: ಕರಾವಳಿ ಮತ್ತು ಮಲೆನಾಡಿನ ಕಾರುಗಳ ತಳಭಾಗವನ್ನು ಲಿಫ್ಟಿನ ಮೇಲೆ ಎತ್ತಿಸಿ ನೋಡಬೇಕು. ಬ್ರೇಕ್ ಪೈಪಿನ ತುಕ್ಕು ಮೇಲಿನಿಂದ ಕಾಣುವುದಿಲ್ಲ.

(ಉ) ಟೈಮಿಂಗ್ ಬೆಲ್ಟ್: ಬೆಲ್ಟ್ ಇರುವ ಎಂಜಿನ್‌ನಲ್ಲಿ ಕೈಪಿಡಿ ಸೂಚಿಸಿದ ಅವಧಿಗೆ ಅದನ್ನು ಬದಲಾಯಿಸಬೇಕು. ಓಡುವಾಗ ತುಂಡಾದಲ್ಲಿ ಹಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳು ಬಾಗಿ, ಎಂಜಿನ್ ಬಿಚ್ಚುವ ಖರ್ಚು ಕಾರಿನ ಬೆಲೆಯನ್ನೇ ಮುಟ್ಟಬಹುದು.

ಸೀಟಿನ ಹೊದಿಕೆ, ಬಣ್ಣದ ಗೀರು, ಧ್ವನಿ ವ್ಯವಸ್ಥೆ ಮುಂತಾದವುಗಳನ್ನು ಮುಂದೂಡಲು ಅಡ್ಡಿಯಿಲ್ಲ. ಹಣ ಸಾಲದಿದ್ದಾಗ ಮೊದಲು ಕಾರನ್ನು ನಿಲ್ಲಿಸುವ ಭಾಗಗಳಿಗೆ, ಆಮೇಲೆ ತಿರುಗಿಸುವ ಭಾಗಗಳಿಗೆ, ತದನಂತರ ಓಡಿಸುವ ಭಾಗಗಳಿಗೆ, ಕೊನೆಯಲ್ಲಿ ಅಂದಕ್ಕೆ ಖರ್ಚು ಮಾಡುವುದು. ಸುರಕ್ಷತೆಗೆ ಬೇಕಾದ ದುರಸ್ತಿಯ ಮೊತ್ತವೇ ಕಾರಿನ ಮಾರುಕಟ್ಟೆ ಬೆಲೆಯನ್ನು ಮೀರುವಂತಿದ್ದಲ್ಲಿ, ನವೀಕರಣ ಶುಲ್ಕ ಪಾವತಿಸುವ ಮೊದಲೇ ನೋಂದಾಯಿತ ಗುಜರಿ ಕೇಂದ್ರಕ್ಕೆ ವಾಹನ ಒಪ್ಪಿಸುವ ಆಯ್ಕೆಯನ್ನೂ ಪರಿಗಣಿಸಬಹುದು.

9. ಸೇವೆಯಲ್ಲಿ ಲೋಪವಾದಲ್ಲಿ

ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಅಧಿಕೃತ ಕೇಂದ್ರಕ್ಕೂ ಖಾಸಗಿ ಗ್ಯಾರೇಜಿಗೂ ಸಮಾನವಾಗಿ ಅನ್ವಯಿಸುತ್ತದೆ. ನೀಡಿದ ಸೇವೆಗೆ ಬಿಲ್ ಕೊಡದಿರುವುದು ಸದರಿ ಅಧಿನಿಯಮದಡಿ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದು. ಮೊದಲು ಗ್ಯಾರೇಜಿನ ಮಾಲೀಕರಿಗೆ ಅಥವಾ ಕೇಂದ್ರದ ವ್ಯವಸ್ಥಾಪಕರಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಂತರವೂ ಇತ್ಯರ್ಥವಾಗದಿದ್ದಲ್ಲಿ ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ವ್ಯಾಜ್ಯಕಾರಣ ಉದ್ಭವಿಸಿದ 2 ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದ ದೂರುಗಳಿಗೆ ಶುಲ್ಕವಿಲ್ಲ. 2025ರ ಜನವರಿಯಿಂದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ದಾಖಲಿಸಬಹುದು. ಜಾಬ್ ಕಾರ್ಡ್, ಅಂದಾಜು ಪಟ್ಟಿ ಮತ್ತು ಬಿಲ್ ಈ ಮೂರೇ ಅಲ್ಲಿ ಸಾಕ್ಷ್ಯವಾಗುತ್ತವೆ.

10. ಸಾರಾಂಶ

ಹಿಂಪಡೆಯುವಿಕೆಯ ವಿಚಾರಣೆ ಹಾಗೂ ಎಲೆಕ್ಟ್ರಾನಿಕ್ ಸುರಕ್ಷತಾ ವ್ಯವಸ್ಥೆಗಳಿಗೆ ಅಧಿಕೃತ ಕೇಂದ್ರ. ದಿನಬಳಕೆಯ ಸವೆತದ ಕೆಲಸಗಳಿಗೆ ನಂಬಿಕೆಯ ಖಾಸಗಿ ಗ್ಯಾರೇಜು. ಎರಡೂ ಕಡೆ ಲಿಖಿತ ದಾಖಲೆ. ಹಳೆಯ ಕಾರಿನ ಮಾಲೀಕರು ಈ ಕ್ರಮವನ್ನು ಅನುಸರಿಸಿದಲ್ಲಿ ಹಣವೂ ಉಳಿಯುತ್ತದೆ, ಪರಿಶೀಲನೆಯಲ್ಲಿ ವಾಹನ ತಿರಸ್ಕೃತವಾಗುವ ತೊಂದರೆಯೂ ತಪ್ಪುತ್ತದೆ. ನವೀಕೃತ ನೋಂದಣಿ ಪತ್ರವು ಮುಂದಿನ ಐದು ವರ್ಷಗಳಿಗೆ ಮಾನ್ಯವಾಗಿರುತ್ತದೆ. ಆದರೆ ನಿರೀಕ್ಷಕರು ವಾಹನವನ್ನು ನೋಡುವುದು ಒಂದು ದಿನ ಮಾತ್ರ. ಉಳಿದೆಲ್ಲ ದಿನಗಳಲ್ಲಿ ಅದರಲ್ಲಿ ಪ್ರಯಾಣಿಸುವವರ ಹಾಗೂ ರಸ್ತೆಯಲ್ಲಿ ಎದುರಾಗುವವರ ಸುರಕ್ಷತೆ ಮಾಲೀಕರ ಹೊಣೆಯಾಗಿರುತ್ತದೆ.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಂಡು, ನೋಂದಣಿ ಅವಧಿ ಮುಗಿಯುವ ಮುನ್ನವೇ ವಾಹನವನ್ನು ಸುಸ್ಥಿತಿಗೆ ತಂದು ಅರ್ಜಿ ಸಲ್ಲಿಸಬೇಕಾಗಿ ಕೋರಲಾಗಿದೆ.